ಕೊಡುವುದು ಮತ್ತು ಉಸಿರಾಡುವುದು

ಕೊಡುವುದು ಪುಣ್ಯಕ್ಕಾಗಿಯೋ, ಬದುಕಿಗಾಗಿಯೋ? ವಾಚಕರೇ, ಈ ಪ್ರಶ್ನೆಯನ್ನು ಒಮ್ಮೆ ನಮ್ಮ ಕಾಲಡಿಯ ಕೆಸರಿಗೆ ಕೇಳಿ ನೋಡೋಣ.

ಕೊಂಕಲ್ ಇರುವ ಯಾದಗಿರಿ ಸೀಮೆಯಲ್ಲಿ, ಬಸವಸಾಗರದ ಕಾಲುವೆ ನೀರು ಹರಿಯುವ ಶಹಾಪುರ-ಸುರಪುರಗಳಲ್ಲಿ, ಭತ್ತದ ಗದ್ದೆಯ ಕೆಸರು ತುಳಿದವರು ನಿಮ್ಮಲ್ಲಿ ಅನೇಕರಿರಬಹುದು. ನೀರು ನಿಂತ ಕೆಸರಿನ ಆಳಕ್ಕೆ ಗಾಳಿ ಇಳಿಯದು; ಆದರೂ ಅಲ್ಲಿ ಜೀವವುಂಟು. ಇಂಥ ಮಣ್ಣಿನಲ್ಲಿ ನೆಲಸುವ ಜಿಯೋಬ್ಯಾಕ್ಟರ್ ಎಂಬ ಅಣುಜೀವಿಯನ್ನು ಅಮೆರಿಕದ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಪೊಟೋಮ್ಯಾಕ್ ನದಿಯ ಕೆಸರಿನಲ್ಲಿ ಕಂಡು, 1987ರಲ್ಲಿ ಲೋಕಕ್ಕೆ ತಿಳಿಸಿದರು.

ಆಹಾರದಿಂದ ಶಕ್ತಿ ಪಡೆಯುವಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳನ್ನು ನಾವು ಉಸಿರಿನ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಆಮ್ಲಜನಕ ದೊರೆಯದ ಈ ಜೀವಿಯಾದರೋ ಪ್ರೋಟೀನಿನ ತಂತಿಗಳನ್ನು ಮೈಯಿಂದ ಹೊರಚಾಚಿ, ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿಗೆ ಅವನ್ನು ಮುಟ್ಟಿಸುತ್ತದೆ. ಹೀಗೆ ಎಲೆಕ್ಟ್ರಾನುಗಳು ಹರಿಯುವುದೇ ವಿದ್ಯುತ್ತು. 2019ರಲ್ಲಿ ಅಂಥದೊಂದು ತಂತಿಯ ರಚನೆ ಬೆಳಕಿಗೆ ಬಂದಿತು. ಅದರ ದಪ್ಪ ಸುಮಾರು 4 ನ್ಯಾನೋಮೀಟರು. ಒಳಗೆ ಕಬ್ಬಿಣವುಳ್ಳ ಹೀಮ್ ಅಣುಗಳ ಸಾಲು. ನಮ್ಮ ರಕ್ತಕ್ಕೆ ಕೆಂಪನ್ನಿತ್ತದ್ದೂ ಹೀಮೇ.

ಕೊಡಲಾಗದಿದ್ದರೆ ಆ ಜೀವಿಯ ಉಸಿರು ಕಟ್ಟುತ್ತದೆ. ಹಾಗೆಂದು ಅದನ್ನು ದಾನಿಯೆನ್ನಬಹುದೇ? ಎನ್ನಲಾಗದು. ಕೊಡದಿರುವ ಸ್ವಾತಂತ್ರ್ಯ ಅದಕ್ಕಿಲ್ಲ. ಮನುಷ್ಯನಿಗೆ ಅದುಂಟು. ನೆರೆಯವನು ಹಸಿದಿರುವಾಗಲೂ ಅವನು ಕಣಜ ಮುಚ್ಚಿಟ್ಟು ಉಣ್ಣಬಲ್ಲ. ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕೊಡುವುದು ಬದುಕಿನ ನಿಯಮವೆಂದು ನಿಸರ್ಗ ತೋರಿಸೀತು. ಕೊಡುವ ನಿರ್ಧಾರವನ್ನು ಮಾತ್ರ ನಮಗಾಗಿ ಅದು ಮಾಡದು. ಆ ಹೊಣೆ ದಿನದಿನವೂ ನಮ್ಮದೇ.