ಹೃದಯದ ಬಾಕಿ ಯಾರ ಖಾತೆಗೆ?



ಅಕ್ಕಲಕೋಟೆ ಕಡೆಯ ಅಡತಿ ವ್ಯಾಪಾರಿಗಳೊಬ್ಬರು, ನಮ್ಮ ಮಠದ ಹಳೆಯ ಸದ್ಭಕ್ತರು, ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ಲಿಂಗೈಕ್ಯರಾದರು. ಮಣ್ಣು ಕೊಟ್ಟು ಬರುವಾಗ ಎರಡು ಮಾತು ಕಿವಿಗೆ ಬಿದ್ದವು. ಒಬ್ಬರು, "ಶಿವನ ಕರೆ ಬಂತು, ಯಾರೇನು ಮಾಡಾಕ ಆಗತೈತಿ?" ಎಂದರು. ಇನ್ನೊಬ್ಬರು, "ತಂಬಾಕು ಬಿಡು ಅಂದರ ಕೇಳಲಿಲ್ಲ, ಮಾಡಿದ್ದು ಉಂಡ" ಎಂದರು. ಮೊದಲನೆಯ ಮಾತಿನಲ್ಲಿ ಯಾರಿಗೂ ಹೊಣೆಯಿಲ್ಲ. ಎರಡನೆಯದರಲ್ಲಿ ಹೊಣೆಯೆಲ್ಲ ಸತ್ತವರದೇ. ಎರಡೂ ನನ್ನ ಮನಸ್ಸಿಗೆ ಒಗ್ಗಲಿಲ್ಲ.

ರಕ್ತದೊತ್ತಡ ಏರುವುದು ವಯಸ್ಸಿನ ಸಹಜ ಗುಣವೆಂದು ಒಂದು ಕಾಲಕ್ಕೆ ಎಷ್ಟೋ ವೈದ್ಯರೂ ತಿಳಿದಿದ್ದರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಆರಂಭವಾದ ಅಧ್ಯಯನ 5,209 ಜನರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಹೋಗಿ ಆ ತಿಳುವಳಿಕೆಯನ್ನು ಬದಲಿಸಿತು. ಕೇರಳ ಮೂಲದ ಡಾ. ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವಂತೂ, ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ತಂಬಾಕು, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಅಂಶಗಳಿಗೆ ಸಂಬಂಧಿಸಿದ್ದೆಂದು ತೋರಿಸಿತು. ನಮ್ಮ ಕಡೆಯವರಿಗೆ ಅದು ಐದಾರು ವರ್ಷ ಬೇಗ ಬರುತ್ತದೆಂಬುದೂ ಅಲ್ಲಿಯೇ ಕಂಡಿತು. ಇಷ್ಟು ತಿಳಿದ ಮೇಲೂ ಎಲ್ಲವನ್ನೂ ಶಿವನ ಮೇಲೆ ಹಾಕುವುದು ನ್ಯಾಯವೇ?

ಹಾಗೆಂದು "ಮಾಡಿದ್ದು ಉಂಡ" ಎನ್ನಲೂ ಬಾರದು. ಅಪಾಯವೆಂದರೆ ಸಂಭವ, ತೀರ್ಪಲ್ಲ. ಚಟವಿಲ್ಲದವರಿಗೂ ಮನೆತನದಿಂದ ಬರುತ್ತದೆ. ಮೇಲಾಗಿ ಆ ಅಂಗಡಿಗೆ ಹೋದಾಗಲೆಲ್ಲ ತಂಬಾಕಿನ ಚಂಚಿ ಮುಂದೆ ಚಾಚಿದವರು ನಾವೇ ಅಲ್ಲವೇ? ಅದನ್ನು ಮರ್ಯಾದೆ ಎಂದುಕೊಂಡಿದ್ದೆವು.

"ನನ್ನ ದೇಹ, ನನ್ನ ಖುಷಿ" ಎನ್ನುವವರಿದ್ದಾರೆ. ನಾನು ಬಿ.ಕಾಂ.ನಲ್ಲಿ ಓದಿದ ಪಾಲುದಾರಿಕೆಯ ನಿಯಮ ನೆನಪಾಗುತ್ತದೆ: ಒಬ್ಬ ಪಾಲುದಾರ ಅಂಗಡಿಯ ವ್ಯವಹಾರಕ್ಕೆ ಮಾಡಿದ ಸಾಲ ಉಳಿದವರ ತಲೆಗೂ ಬರುತ್ತದೆ. ಆ ವ್ಯಾಪಾರಿಗಳ ಮನೆಯವರು ಈಗ ಕೀರ್ದಿ ಪುಸ್ತಕ ಓದಲು ಕಲಿಯುತ್ತಿದ್ದಾರೆ. ಹಿರಿಯ ಮಗ ಕಾಲೇಜು ಬಿಟ್ಟ.

ನಾನೂ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ನನ್ನ ಬಿ.ಪಿ. 150/100 ಇತ್ತು. ತಲೆನೋವಿಲ್ಲ, ಚಕ್ಕರಿಲ್ಲ ಎಂದು ಎರಡೇ ತಿಂಗಳಿಗೆ ಗುಳಿಗೆ ಬಿಟ್ಟು, ಮನೆಯಲ್ಲಿ ಮುಚ್ಚಿಟ್ಟೆ. ಈ ಬಾಕಿಗೆ ನೋಟಿಸು ಬರುವುದಿಲ್ಲ. ಆ ಸಾವಿನ ಮರುವಾರ ಮತ್ತೆ ವೈದ್ಯರ ಬಳಿ ಹೋದೆ.

ಮೂವತ್ತು ದಾಟಿದವರು ಬಿ.ಪಿ., ಸಕ್ಕರೆ ನೋಡಿಸಬೇಕು. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ, ಎಂದರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಸೇರಿ ಒಂದು ಚಹಾ ಚಮಚೆಗಿಂತ ಕಡಿಮೆ. ಬೀಡಿ, ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ ಅವುಗಳಿಂದ ಹೆಚ್ಚಿದ್ದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ರೈತನಿಗೆ ನಡಿಗೆ ಯಾಕೆ ಎಂಬ ಮಾತು ಹಿಂದೆ ಸರಿ. ಈಗ ಹೊಲಕ್ಕೂ ಮೋಟರ್ ಸೈಕಲ್ ಅಲ್ಲವೇ! ಎದೆ ಹಿಂಡಿ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂಡಬೇಡಿ. ಸೋಲಾಪುರವೋ ಕಲಬುರ್ಗಿಯೋ, ಯಾವ ರಾಜ್ಯದ ಕಾರ್ಡು ನಡೆಯುತ್ತದೋ ಎಂಬ ಚರ್ಚೆಯೂ ಆಗ ಬೇಡ. 108 ಗಡಿಯ ಎರಡೂ ಕಡೆ ಇದೆ.

ದಾಸೋಹದಲ್ಲಿ ಹುಗ್ಗಿಯ ಮೇಲೆ ತುಪ್ಪವನ್ನು ಕೇಳಿ ಬಡಿಸಿರೆಂದು ಈ ಸಲ ಅಡಿಗೆಯವರಿಗೆ ಹೇಳಿದೆ. ಹಿರಿಯರೊಬ್ಬರಿಗೆ ಸಿಟ್ಟು ಬಂತು. "ಮಠದಾಗ ತುಪ್ಪಾ ಕೇಳಿ ಬಡಸ್ತೀರೇನ್ರೀ ಸೆಕ್ರೆಟ್ರಿ?" ಎಂದರು. ಉತ್ತರ ತೋಚದೆ ಅರ್ಧ ಚಮಚೆ ನಾನೇ ಬಡಿಸಿದೆ.