ಸೋತವನಿಗೆ ಕೊಡಬೇಕಾದದ್ದು

ಕನ್ನಡ ಪಾಠ ಹೇಳುವವನಿಗೂ ರಗ್ಬಿ ಆಟಕ್ಕೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವೇನೂ ಇರಲಿಲ್ಲ; ಗಂಟುಹಾಕಿದವನು ನಮ್ಮ ಅಣ್ಣನ ಮಗ. ರಜೆಗೆಂದು ತಾಯಿಯೊಡನೆ ನಮ್ಮ ಮನೆಗೆ ಬಂದಿದ್ದ ಅವನು ಒಂದು ಭಾನುವಾರ ಏಷ್ಯಾ ಸೆವೆನ್ಸ್ ಸರಣಿಯ ಪಂದ್ಯಗಳನ್ನು ನೋಡುತ್ತ ಕುಳಿತಿದ್ದ. "ಚಿಕ್ಕಪ್ಪ, ಹದಿನಾಲ್ಕೇ ನಿಮಿಷ, ಬನ್ನಿ ಕೂತ್ಕೊಳ್ಳಿ" ಎಂದ. ಕುಳಿತೆ. ಆಟ ಹದಿನಾಲ್ಕು ನಿಮಿಷಕ್ಕೆ ಮುಗಿಯಿತು. ಅದು ಎಬ್ಬಿಸಿದ ಪ್ರಶ್ನೆ ಇನ್ನೂ ಮುಗಿದಿಲ್ಲ.

ರಗ್ಬಿಯಲ್ಲಿ ಒಂದು ಪಕ್ಷಕ್ಕೆ 15 ಮಂದಿ ಇರುವುದು ವಾಡಿಕೆ. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಊರಿನಲ್ಲಿ, ಅಲ್ಲಿಯ ಕ್ಲಬ್ಬಿಗೆ ಹಣ ಕೂಡಿಸುವುದಕ್ಕಾಗಿ, ನೆಡ್ ಹೇಗ್ ಎಂಬ ಮಾಂಸದ ವ್ಯಾಪಾರಿಯ ಸಲಹೆಯಂತೆ ಏಳು ಏಳು ಮಂದಿಯ ಆಟ ನಡೆಯಿತು. ಆಳು ಅರ್ಧಕ್ಕಿಂತ ಕಡಮೆಯಾದರೂ ಮೈದಾನ ಕಿರಿದಾಗಲಿಲ್ಲ. ಆದ್ದರಿಂದ ಓಟವೇ ಈ ಆಟದ ಜೀವ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದೊಂದು 'ಟ್ರೈ', 5 ಅಂಕ. ಬಳಿಕ ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಇನ್ನೂ 2. ಏಷ್ಯಾದ ರಾಷ್ಟ್ರತಂಡಗಳ ಸರಣಿ ಆರಂಭವಾದದ್ದು 2009ರಲ್ಲಿ. ಅದು ಒಂದೇ ಊರಿನಲ್ಲಿ ಮುಗಿಯುವುದಿಲ್ಲ. ಊರಿಂದೂರಿಗೆ ಸಾಗುತ್ತದೆ, ಪ್ರತಿ ಊರಿನ ಫಲವನ್ನೂ ಕೂಡಿಸಿ ಸ್ಥಾನ ನಿರ್ಣಯವಾಗುತ್ತದೆ. ಜಪಾನ್, ಹಾಂಗ್‌ಕಾಂಗ್‌ಗಳಂಥ ಪಳಗಿದ ತಂಡಗಳ ಎದುರಿಗೆ ಈಗಷ್ಟೇ ಆಟ ಕಲಿಯುತ್ತಿರುವ ತಂಡಗಳೂ ನಿಲ್ಲಬೇಕಾಗುತ್ತದೆ.

ಅಂದು ನಾವು ಕಂಡದ್ದೂ ಅಂಥದೇ ಪಂದ್ಯ. ಬಲ್ಲವರು ಒಂದರ ಮೇಲೊಂದು ಟ್ರೈ ಗಳಿಸುತ್ತಿದ್ದರು. ಎಳೆಯ ತಂಡದ ಹೆಸರಿನ ಮುಂದೆ ಸೊನ್ನೆ ಅಲುಗದೆ ನಿಂತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಒಂದು ನಿಯಮ. ಹದಿನೈದು ಮಂದಿಯ ಆಟದಲ್ಲಿ ಅಂಕ ಕಳೆದುಕೊಂಡವರೇ ಚೆಂಡನ್ನು ಒದ್ದು ಆಟವನ್ನು ಮತ್ತೆ ತೊಡಗಿಸಬೇಕು. ಏಳು ಮಂದಿಯ ಆಟದಲ್ಲಿ ಹಾಗಲ್ಲ. ಗಳಿಸಿದವರೇ ಒದ್ದು ಎದುರಾಳಿಯ ಕಡೆಗೆ ಕಳಿಸಬೇಕು. ಇದು ದಾನವೆಂದು ತಿಳಿಯಬೇಡಿ. ಚೆಂಡು 10 ಮೀಟರು ಹೋಗಿದ್ದೇ ತಡ, ಒದ್ದವರ ಕಡೆಯವರೂ ಅದಕ್ಕಾಗಿ ಹಾರುತ್ತಾರೆ. ಆದರೂ ಗೆಲ್ಲುತ್ತಿರುವವನು ಪ್ರತಿ ಸಲವೂ ತನ್ನ ಕೈಯಲ್ಲಿದ್ದುದನ್ನು ಬಿಡಲೇಬೇಕು.

ಅಡುಗೆಮನೆಯಿಂದ ಬಂದ ಅತ್ತಿಗೆ ಸ್ವಲ್ಪ ಹೊತ್ತು ನೋಡಿ, "ಅಯ್ಯೋ ಪಾಪ! ಇಷ್ಟು ಗೆದ್ದ ಮೇಲೂ ಹೀಗೆ ಓಡಬೇಕೆ? ಒಂದನ್ನಾದರೂ ಬಿಟ್ಟುಕೊಡಬಾರದೆ?" ಎಂದರು. ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಬಲ್ಲವನು ದುರ್ಬಲನಿಗೆ ಏನನ್ನು ಕೊಡಬೇಕು? ಇದು ಆಟದ ಮೈದಾನಕ್ಕೆ ಮಾತ್ರ ಸೇರಿದ ಪ್ರಶ್ನೆಯೆ?

ಹುಡುಗನೇ ಒಂದು ಉತ್ತರ ಕೊಟ್ಟ. ಗುಂಪಿನ ಪಂದ್ಯಗಳಲ್ಲಿ ಎರಡು ತಂಡಗಳು ಸಮನಾಗಿ ನಿಂತರೆ, ಗಳಿಸಿದ ಮತ್ತು ಕಳೆದುಕೊಂಡ ಅಂಕಗಳ ಅಂತರವನ್ನು ಎಣಿಸುವುದುಂಟು. ಇಲ್ಲಿ ಕರುಣೆಯಿಂದ ಬಿಟ್ಟ ಒಂದು ಟ್ರೈ ಅಲ್ಲಿ ಮೂರನೆಯವನ ಸ್ಥಾನವನ್ನು ಕೆಳಕ್ಕೆ ತಳ್ಳಬಹುದು. ಕರುಣೆ ನಮ್ಮದು, ಬೆಲೆ ತೆರುವವನು ಇನ್ನೊಬ್ಬ!

ಈ ಮಾತು ನನ್ನನ್ನು ಚುಚ್ಚಿತು. ಉಪಾಧ್ಯಾಯ ವೃತ್ತಿಗೆ ಬಂದ ಹೊಸದರಲ್ಲಿ ನಾನೂ ಹಾಗೆ ಬಿಟ್ಟುಕೊಟ್ಟವನು. ಬಡ ಹುಡುಗ, ದೂರದ ಹಳ್ಳಿಯಿಂದ ಬರುವವನು, ಕಿರುಪರೀಕ್ಷೆಯಲ್ಲಿ ಅವನ ಉತ್ತರಗಳು ಕಾಗುಣಿತದಿಂದಲೇ ಎಡವಿದ್ದವು. ನಾಲ್ಕು ಅಂಕ ಹೆಚ್ಚಿಗೆ ಹಾಕಿದೆ. ಅಂದು ರಾತ್ರಿ ನೆಮ್ಮದಿಯಾಗಿ ನಿದ್ರೆಯೂ ಬಂದಿತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಅವನು ನಪಾಸಾದ. ನನ್ನ ಬಳಿಗೆ ಬಂದು, "ಸಾರ್, ನನಗೆ ಬರ್ತಿಲ್ಲ ಅಂತ ಆಗಲೇ ಹೇಳಿದ್ದರೆ ಕಲೀತಿದ್ದೆ" ಎಂದ. ಬೈದಿದ್ದರೆ ಸಹಿಸಬಹುದಾಗಿತ್ತು, ಅವನು ಬೈಯಲಿಲ್ಲ. ನಾನು ಅವನಿಗೆ ಕೊಡಬೇಕಾಗಿದ್ದುದು ದಿನಕ್ಕೆ ಅರ್ಧ ಗಂಟೆ. ಅದು ನನಗೆ ಕಷ್ಟ. ನಾಲ್ಕು ಅಂಕ ಕೊಡಲು ಕೆಂಪು ಶಾಯಿ ಸಾಕಾಗಿತ್ತು.

ವಾಲ್ಮೀಕಿಯ ರಾಮನು ಮೊದಲ ಮುಖಾಮುಖಿ ಕಾಳಗದಲ್ಲಿ ಬಿಲ್ಲು ಮುರಿದು, ಕಿರೀಟ ಕಳೆದುಕೊಂಡು ನಿಂತ ರಾವಣನನ್ನು ಕೊಲ್ಲುವುದಿಲ್ಲ. ಈಗ ಹೋಗಿ ದಣಿವಾರಿಸಿಕೊಂಡು, ರಥವೇರಿ ಮತ್ತೆ ಬಾ ಎನ್ನುತ್ತಾನೆ. ಗಮನಿಸಬೇಕು: ಯುದ್ಧವನ್ನು ಬಿಟ್ಟುಕೊಡಲಿಲ್ಲ, ಸೀತೆಯನ್ನು ಬಿಟ್ಟುಕೊಡಲಿಲ್ಲ, ಕೊಟ್ಟದ್ದು ಮತ್ತೆ ಯುದ್ಧಮಾಡುವ ಅವಕಾಶ. ಎದುರಾಳಿಯನ್ನು ಎದುರಾಳಿಯೆಂದೇ ಗೌರವಿಸುವ ರೀತಿ ಇದು.

ಚೆಂಡು ಕೊಟ್ಟರೆ ಸಾಕೆ ಎಂಬ ಆಕ್ಷೇಪಣೆ ಇದ್ದೇ ಇದೆ, ಮತ್ತು ಅದು ನ್ಯಾಯವಾದದ್ದು. ಬಿಳಿಯ ಗೆರೆಗಳ ಒಳಗೆ ಇಬ್ಬರೂ ಏಳೇಳು ಮಂದಿ. ಗೆರೆಯ ಹೊರಗೆ ಒಬ್ಬನಿಗೆ ಹಸಿರು ಮೈದಾನ, ನುರಿತ ಶಿಕ್ಷಕ, ಹೊಟ್ಟೆತುಂಬ ಆಹಾರ. ಇನ್ನೊಬ್ಬನಿಗೆ ಊರಿಂದೂರಿಗೆ ಹೋಗುವ ವಿಮಾನದ ಖರ್ಚೇ ಚಿಂತೆ. 2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಜಪಾನಿನ ಎದುರು ಒಂದು ಅಂಕವನ್ನೂ ಪಡೆಯದೆ ಸೋತರು. ಜಪಾನಿನವರು ಅಂದು ಎರಡು ಟ್ರೈ ಬಿಟ್ಟುಕೊಟ್ಟಿದ್ದರೆ ನಮ್ಮವರಿಗೆ ಏನು ದಕ್ಕುತ್ತಿತ್ತು? ಮೈದಾನ ಬರುತ್ತಿತ್ತೆ? ಅಭ್ಯಾಸ ಬರುತ್ತಿತ್ತೆ? ಕೊಡಬೇಕಾದದ್ದು ಪಂದ್ಯದ ಹಿಂದಿನ ವರ್ಷಗಳಲ್ಲಿ. ಅಂಕಪಟ್ಟಿಯನ್ನು ತಿದ್ದಿ ಆ ಸಾಲ ತೀರಿಸಲಾಗದು. ನಮ್ಮ ಶಾಲೆ, ಕಚೇರಿ, ಮನೆಗಳಲ್ಲಿ ನಾವು ತೋರಿಸುವ ಎಷ್ಟೋ ದಯೆ ಹೀಗೆ ಕೊನೆಯ ಗಳಿಗೆಯಲ್ಲಿ ಕೊಟ್ಟ ಅಂಕವಲ್ಲವೆ?

ಪಂದ್ಯದ ಕೊನೆಯ ನಿಮಿಷ. ಬಲ್ಲವರು ನಿಯಮದಂತೆ ಚೆಂಡನ್ನು ಒದ್ದರು. ಎಳೆಯ ತಂಡದ ಒಬ್ಬ ಹುಡುಗ ಅದನ್ನು ಹಿಡಿದು, ಇಬ್ಬರ ನಡುವೆ ನುಸುಳಿ, ಮೈದಾನದ ಅಂಚಿನಲ್ಲೇ ಓಡಿ, ಗೆರೆಯಾಚೆ ಚೆಂಡಿನೊಡನೆ ಬಿದ್ದ. ಅವನ ಗೆಳೆಯರು ಪಂದ್ಯವನ್ನೇ ಗೆದ್ದವರಂತೆ ಅವನ ಮೇಲೆ ಬಿದ್ದರು.

"ಕೊನೆಗೂ ಪಾಪ ಅಂತ ಬಿಟ್ಟುಕೊಟ್ಟರು ನೋಡು" ಎಂದರು ಅತ್ತಿಗೆ.

"ಇಲ್ಲಮ್ಮ, ಹಿಡಿಯೋಕೆ ಮೂರು ಜನ ಜೀವಬಿಟ್ಟು ಓಡಿದರು. ಸಿಗಲಿಲ್ಲ ಅಷ್ಟೆ" ಎಂದ ಹುಡುಗ.

ಅತ್ತಿಗೆಯ ಮುಖ ಅರಳಿತು. "ಹೌದೇನೋ? ಹಾಗಾದರೆ ಅದು ಅವನದೇ" ಎಂದರು.