ಒಂದು ದಿನದವರು

ಯಾವ ವಸ್ತುವು ಎಲ್ಲರದೋ ಅದರ ಮೇಲೆ ಒಬ್ಬೊಬ್ಬನಿಗೆ ಎಷ್ಟು ಅಧಿಕಾರವುಂಟು? ಈ ಪ್ರಶ್ನೆಯು ಬಹು ಹಳೆಯದು. ಆದರೆ ನನಗೆ ಅದು ಗ್ರಂಥದಲ್ಲಿ ಎದುರಾಗದೆ ಕೆರೆಯ ದಂಡೆಯಲ್ಲಿ ಎದುರಾಯಿತು. ಆ ಪ್ರಸಂಗವನ್ನು ವಾಚಕರ ಮುಂದಿಟ್ಟು, ಅದರಿಂದ ಹುಟ್ಟಿದ ವಿಚಾರವನ್ನು ಅವರೊಡನೆ ಪರಾಮರ್ಶಿಸಬೇಕೆಂಬದೇ ಈ ಲೇಖನದ ಉದ್ದೇಶ.

ನಮ್ಮ ವಿಜಯಪುರ ಸೀಮೆಯು ನೀರಿಗಾಗಿ ಹಂಬಲಿಸಿದ ನಾಡು. ಬರಗಾಲದಲ್ಲಿ ತಿಕೋಟಾ ಕಡೆಯ ದ್ರಾಕ್ಷಿಯ ಬೆಳೆಗಾರರು ಟ್ಯಾಂಕರಿನ ನೀರು ಕೊಂಡು ಬಳ್ಳಿಗಳ ಜೀವ ಹಿಡಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದಲೇ ಇಲ್ಲಿಯ ಅರಸರು ಗುಮ್ಮಟಗಳನ್ನು ಕಟ್ಟಿಸಿದಷ್ಟೇ ಶ್ರದ್ಧೆಯಿಂದ ಬಾವಿ-ಕೆರೆಗಳನ್ನೂ ಕಟ್ಟಿಸಿದರು. 1651ರಲ್ಲಿ ಮಹಮ್ಮದ ಆದಿಲಶಾಹನು ಕಟ್ಟಿಸಿದ ಬೇಗಮ್ ತಲಾಬದ ನೀರು ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿದು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ‘ಗಂಜ’ಗಳೆಂಬ ಗೋಪುರಗಳಿದ್ದವು, ಅವು ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆಗಳು ಒಡೆಯದಂತೆ ಕಾಯುತ್ತಿದ್ದವು, ಕೆಸರನ್ನು ತಳದಲ್ಲಿ ತಂಗಿಸಿ ತಿಳಿನೀರನ್ನು ಮುಂದಕ್ಕೆ ಬಿಡುತ್ತಿದ್ದವು. ಬಬಲೇಶ್ವರ ಸೀಮೆಯ ಮಮದಾಪುರದ ಹಿರಿಯ ಕೆರೆಯೂ ಅದೇ ಅರಸನ ಕಾಲದ್ದು.

ಈ ಮಮದಾಪುರದ ಕೆರೆಗೆ ಕೆಲವು ವರ್ಷಗಳ ಹಿಂದೆ, ಮಾರ್ಗಶಿರ ಮಾಸದಲ್ಲಿ, ನಾನೂ ನನ್ನ ತಮ್ಮನೂ ಅವನ ಇಬ್ಬರು ಮಕ್ಕಳೂ ಹೋಗಿದ್ದೆವು. ಕೈಹುಟ್ಟಿನಿಂದ ನಡೆಯುವ ಚಿಕ್ಕದೊಂದು ದೋಣಿ, ಎರಡು ಗುಡಾರ, ಒಂದು ರಾತ್ರಿಗೆ ಸಾಲುವಷ್ಟು ರೊಟ್ಟಿಯ ಬುತ್ತಿ ನಮ್ಮೊಡನಿದ್ದವು. ಕೇಳಬೇಕಾದವರನ್ನು ಕೇಳಿ ಅಪ್ಪಣೆಯನ್ನೂ ಪಡೆದಿದ್ದೆವು. ಸಂಜೆಯ ಹೊತ್ತು ದೋಣಿಯು ನಡುನೀರಿಗೆ ಸಾಗಿದಾಗ ಮಕ್ಕಳು ಮಾತು ಮರೆತರು. ನಳದ ಬಾಯಲ್ಲಿ ಮಾತ್ರ ನೀರನ್ನು ಕಂಡವರು, ನೀರಿನೊಳಗೂ ಒಂದು ಆಕಾಶವುಂಟೆಂಬದನ್ನು ಅಂದು ಕಂಡರು. ಆ ಆನಂದವು ನಿರ್ದೋಷವಾದದ್ದೆಂದು ನಾನು ಈಗಲೂ ನಂಬುತ್ತೇನೆ.

ದಂಡೆಯ ನೆಲವೆಲ್ಲ ಕಾಲು ಹುಗಿಯುವ ಎರೆಯ ಕೆಸರು. ಒಂದು ಕಡೆಯಲ್ಲಿ ಮಾತ್ರ ಗಟ್ಟಿಯಾದ ಗರಸಿನ ಇಳಿಜಾರಿತ್ತು. ಸಹಜವಾಗಿಯೇ ನಾವು ಗುಡಾರಗಳನ್ನು ಅಲ್ಲಿ ಹೊಡೆದೆವು. ಮರುದಿನ ಹೊತ್ತೇರಿದ ಮೇಲೆ ಮುದುಕನೊಬ್ಬನು ಕುರಿಯ ಹಿಂಡನ್ನು ಹೊಡೆದುಕೊಂಡು ಬಂದನು. ನಮ್ಮನ್ನು ಕಂಡು ಕ್ಷಣಹೊತ್ತು ನಿಂತು, ಏನೂ ಅನ್ನದೆ ಹಿಂಡನ್ನು ತಿರುಗಿಸಿದನು.

“ದೊಡ್ಡಪ್ಪಾ, ಆ ಕುರಿಗಳು ನೀರು ಕುಡಿಯದೆ ಯಾಕೆ ಹೋದವು?” ಎಂದು ಚಿಕ್ಕ ಹುಡುಗಿ ಕೇಳಿದಳು. ಆಗ ನನಗೆ ತಿಳಿಯಿತು: ಕೆಸರಿಲ್ಲದ ಆ ಒಂದೇ ದಾರಿಯನ್ನು ನಾವು ಕಟ್ಟಿ ಕುಳಿತಿದ್ದೆವು. ಓಡಿಹೋಗಿ ಮುದುಕನನ್ನು ನಿಲ್ಲಿಸಿ, “ಅಜ್ಜಾ, ಗುಡಾರ ಕಿತ್ತುತೇವು, ತಿರುಗಿ ಬರ್ರಿ” ಎಂದೆನು. ಅವನು ನಕ್ಕು, “ಇರ್ಲಿ ಬಿಡ್ರಿ ಯಪ್ಪಾ. ನೀವು ಒಂದ ದಿನದವರು, ನಾವು ದಿನಾ ಬರೋರು” ಎಂದು ದೂರದ ಹಳ್ಳದ ಕಡೆಗೆ ನಡೆದನು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ; ಅದರಿಂದಲೇ ಅದು ನನ್ನನ್ನು ಬಿಡಲಿಲ್ಲ. ಅವನ ಔದಾರ್ಯವು ನಿಂತದ್ದು ನಾವು ನಾಳೆ ಇರುವದಿಲ್ಲವೆಂಬ ನಂಬಿಗೆಯ ಮೇಲೆ. ಆದರೆ ನಾಳೆ ಮತ್ತೊಬ್ಬ ಒಂದು ದಿನದವನು ಬರುವನು, ನಾಡದು ಇನ್ನೊಬ್ಬನು. ಪ್ರತಿಯೊಬ್ಬನೂ ತಾನು ಮಾಡಿದ್ದು ಅಲ್ಪವೆಂದು ಭಾವಿಸುವನು. ಅವನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಆ ಕುರಿಗಳಿಗೆ ದಾರಿಯು ದಿನವೂ ಕಟ್ಟಿಯೇ ಇರುವದು. ಊರ ಸಮೀಪದ ಕೆರೆಗಳಿಗೆ ಕೇಡು ಬರುವದು ಬಹುಶಃ ದುಷ್ಟರಿಂದಲ್ಲ, ಒಂದು ದಿನದ ಸಜ್ಜನರಿಂದ.

ಹಾಗಾದರೆ ವಿಹಾರವನ್ನೇ ನಿಷೇಧಿಸೋಣವೇ ಎಂದು ಕೇಳಬಹುದು. ನನಗೆ ಒಪ್ಪಿಗೆಯಿಲ್ಲ. ಮನೆಗೆ ನಳ ಬಂದ ಮೇಲೆ ನಗರದವರು ಕೆರೆಯ ಮೋರೆ ನೋಡುವದನ್ನೇ ಬಿಟ್ಟರು. ಕಾಣದ ಕೆರೆಯು ತುಂಬಿದರೇನು, ಬತ್ತಿದರೇನು? ಅದರ ಮೇಲೆ ತೇಲಿದ ಹುಡುಗನು ಅದಕ್ಕಾಗಿ ಮುಂದೆ ಒಂದು ಮಾತಾದರೂ ಆಡಿಯಾನು. ಇನ್ನು ಕೆಲವರು, “ಇದು ಸಾರ್ವಜನಿಕರ ಸ್ವತ್ತು, ನಾನೂ ಸಾರ್ವಜನಿಕನೇ” ಎನ್ನುವರು. ಅದೂ ಅರ್ಧಸತ್ಯ. ಎಲ್ಲರದು ಎಂಬದಕ್ಕೆ ‘ನನ್ನದೂ ಹೌದು’ ಎಂಬಷ್ಟೇ ಅರ್ಥವಲ್ಲ. ‘ನನಗಿಂತ ಹೆಚ್ಚು ಬೇಕಾದವನದು ಮೊದಲು’ ಎಂಬ ಅರ್ಥವೂ ಅದರಲ್ಲಡಗಿದೆ. ನಮ್ಮ ಕೈಯಲ್ಲಿ ಅಪ್ಪಣೆಯಿತ್ತು, ಆದರೆ ಔಚಿತ್ಯವಿರಲಿಲ್ಲ. ಅಪ್ಪಣೆಯನ್ನು ಕೇಳಿದವರಿಗೆ ಕೊಡುತ್ತಾರೆ. ಔಚಿತ್ಯವು ಕೇಳಲಾರದವರನ್ನು ನೆನೆಯುವದರಲ್ಲಿದೆ.

ಹಾಗೆ ನೆನೆಯಬೇಕಾದವರು ದಂಡೆಯ ಮೇಲಿನವರಷ್ಟೇ ಅಲ್ಲ. ಈಚಿನ ವರ್ಷಗಳಲ್ಲಿ ಜಿಲ್ಲೆಯ ಅನೇಕ ಕೆರೆಗಳನ್ನು ಏತ ನೀರಾವರಿಯಿಂದ ಕೃಷ್ಣೆಯ ನೀರನ್ನೆತ್ತಿ ತುಂಬಿಸಲಾಗಿದೆ. ಮುಳವಾಡದ ಏತವು ಎತ್ತುವದು ಆಲಮಟ್ಟಿಯ ಹಿನ್ನೀರನ್ನು. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಆ ಅಣೆಕಟ್ಟಿಗಾಗಿ ನದಿಯ ದಂಡೆಯ ಎಷ್ಟೋ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿದವು. ಇಂಥ ನೀರಿನ ಮೇಲೆ ದೋಣಿ ನಡೆಸುವವನು ಯಾರದೋ ಅಂಗಳದ ಋಣವನ್ನು ಹೊತ್ತಿರುತ್ತಾನೆ. ಋಣವಿದೆಯೆಂದು ಆನಂದಿಸಬಾರದೆಂದಲ್ಲ, ಋಣಿಯಂತೆ ಆನಂದಿಸಬೇಕು.

ಬೇಗಮ್ ತಲಾಬದ ಗಂಜಗಳು ನೀರನ್ನು ತಡೆಯಲಿಲ್ಲ. ಅದರ ರಭಸವನ್ನು ಮಾತ್ರ ತಗ್ಗಿಸಿದವು. ನಮ್ಮ ವಿಹಾರಕ್ಕೂ ಅಂಥವು ಬೇಕು. ದನಕರು ನೀರಿಗಿಳಿಯುವ ಜಾಗವನ್ನು ಮೊದಲು ಊರವರಿಂದ ಕೇಳಿ ತಿಳಿದು ಅದನ್ನು ಬಿಟ್ಟು ಬೀಡು ಬಿಡುವದು, ಪಾತ್ರೆಗಳನ್ನು ಕೆರೆಯಲ್ಲಿ ತೊಳೆಯದಿರುವದು, ತಂದ ಪ್ಲಾಸ್ಟಿಕ್ಕನ್ನು ಮರಳಿ ಒಯ್ಯುವದು ಇವೆಲ್ಲ ಸಣ್ಣ ಮಾತುಗಳೇ. ಆದರೆ ಕೇಡು ಸಣ್ಣದಾಗಿ ಕೂಡುವಂತೆ ಒಳ್ಳೆಯದೂ ಸಣ್ಣದಾಗಿಯೇ ಕೂಡಬೇಕಲ್ಲವೇ?

ಮರುವರ್ಷ ನಾವು ಮತ್ತೆ ಹೋದೆವು. ಕೆರೆಯಿಂದ ದೂರದಲ್ಲಿ, ಹೊಲದೊಡೆಯನನ್ನು ಕೇಳಿ, ಬದುವಿನ ಬದಿಗೆ ಗುಡಾರ ಹೊಡೆದೆವು. ಹೊತ್ತೇರಿದಾಗ ಗರಸಿನ ಇಳಿಜಾರಿಗೆ ಕುರಿಗಳು ಬಂದು ತಲೆ ತಗ್ಗಿಸಿ ನೀರು ಕುಡಿದವು. ಮಕ್ಕಳು ದೋಣಿಯನ್ನು ಮರೆತು, ಹಿಂಡು ತಿರುಗಿ ಹೋಗುವವರೆಗೆ ಅದನ್ನೇ ನೋಡುತ್ತ ಕುಳಿತರು.